ಒಂದು ಮೊಳ ಬರಿಗೋಡೆ

ಕಾಜುಬಾಗ, ಕಾರವಾರ
೩ ಜುಲೈ ೨೦೦೬

ಪ್ರಿಯ ಕುಪ್ಪ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನೀನು ಇದನ್ನು ಒಲೆಗೆ ಹಾಕಲು ಎದ್ದಿರುತ್ತೀ. ಕೂತುಕೋ. ಮಳೆಗಾಲದ ಕಾಗದ ಉರಿಯುವುದಿಲ್ಲ, ಹೊಗೆ ಕೊಡುತ್ತದೆ. ನಿನ್ನ ಹೆಂಡತಿ ಹೊನ್ನಿ ಬೈಯುವುದು ನಿನ್ನನ್ನೇ. ನಿನ್ನ ಫೋನ್ ನಂಬರು ನನ್ನಲ್ಲಿ ಇಲ್ಲವೆಂದಲ್ಲ. ಆದರೆ ಫೋನಾದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡಬಹುದು. ಕಾಗದವನ್ನು ಹರಿಯುವ ಮೊದಲು ನಾಲ್ಕು ಸಾಲಾದರೂ ಓದಲೇಬೇಕಾಗುತ್ತದೆ. ಮೂವತ್ತಾರು ವರ್ಷ ಸರಕಾರಿ ಕಾಗದ ಬರೆದವನ ಅನುಭವ ಇದು.

ಕಾರವಾರದಿಂದ ನಿನ್ನ ಬೇಲೇಕೇರಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ನಾವಿಬ್ಬರೂ ಆ ದಾರಿಯನ್ನು ಇಪ್ಪತ್ತೆರಡು ವರ್ಷಗಳಿಂದ ಕ್ರಮಿಸುತ್ತಿದ್ದೇವೆ, ಇನ್ನೂ ತಲುಪಿಲ್ಲ. ಆ ವಿಷಯ ಇರಲಿ. ಕೆಲಸದ ಮಾತಿಗೆ ಬರುತ್ತೇನೆ.

‘ಶನಿವಾರ ಬಂಗಲೆ’ಯಲ್ಲಿ ನಮ್ಮ ವಾಚನಾಲಯ ಇದೆಯಲ್ಲ, ಅದರ ಸಮಿತಿಯವರು ಬಂಗಲೆಯ ಮೇಲೆ ಒಂದು ಪುಸ್ತಿಕೆ ತರಬೇಕೆಂದು ಠರಾವು ಮಾಡಿದ್ದಾರೆ. ಬರೆಯುವವನು ನಾನು. ನಿವೃತ್ತನಾದವನಿಗೆ ಬಿಡುವು ಇರುತ್ತದೆ ಎಂಬ ತಪ್ಪು ಕಲ್ಪನೆ ನಿನಗೂ ಗೊತ್ತಿದ್ದದ್ದೇ. ಬಂಗಲೆಯನ್ನು ವರ್ಣಿಸಲು ಕುಳಿತೆ, ದಿಕ್ಕು ತಪ್ಪಿತು. ಮುಂದಿನ ಕಿಟಕಿ ವಿಲಾಯತಿಯ ಇಗರ್ಜಿಯದು, ಪಕ್ಕದ ಕಮಾನು ಬಿಜಾಪುರದ್ದು, ಜಗಲಿಯ ಕಂಬ ಗ್ರೀಕರದು, ಹಂಚು ಮಂಗಳೂರಿನದು, ಸುಣ್ಣ ಕಾಳಿ ನದಿಯ ಚಿಪ್ಪಿನದು. ಇಷ್ಟೂ ಜನ ಒಂದೇ ಮನೆಯಲ್ಲಿ ನೂರು ವರ್ಷಕ್ಕೂ ಮಿಕ್ಕಿ ಜಗಳವಾಡದೆ ಇದ್ದಾರೆ. ಆ ಕಾಲದ ವಾಸ್ತುಶಿಲ್ಪಿಗಳಿಗೆ ಹೊಸದಾಗಿ ಕಟ್ಟುವುದೆಂದರೆ ಹಳೆಯ ಕಾಲಗಳನ್ನೆಲ್ಲ ಕರೆದು ಸಾಲಾಗಿ ಕೂರಿಸುವುದಾಗಿತ್ತಂತೆ.

ಇಂಥದ್ದನ್ನು ಇಂಗ್ಲಿಷರೇ ಕಟ್ಟಿರಬೇಕು ಎಂದು ನಮ್ಮ ಅಧ್ಯಕ್ಷರ ವಾದ. ಅಲ್ಲ. ಅಟ್ಟದ ಮೇಲೆ ತಗಡಿನ ಕೊಳವೆಯಲ್ಲಿ ಇಪ್ಪತ್ತಮೂರು ನಕಾಶೆ ಸಿಕ್ಕಿವೆ. ಈ ಬಂಗಲೆ, ಅಂಕೋಲೆಯ ಒಂದು ಶಾಲೆ, ಬಂದರಿನ ಒಂದು ಗೋದಾಮು, ಎಲ್ಲ ಒಂದೇ ಕೈ. ಸರಕಾರಿ ಕಟ್ಟಡಗಳ ನಕಾಶೆಯಲ್ಲಿ ಸಹಿ ಮಾತ್ರ ಮೇಲಿನ ಇಂಗ್ಲಿಷ್ ಎಂಜಿನಿಯರರದು. ಬರೆದವನ ಹೆಸರು ಒಂದು ಹಳೆಯ ಯಾದಿಯಲ್ಲಿ ಸಿಕ್ಕಿತು: ರೂಬೆನ ಎಲಿಜಾ ಝಿರಾಡಕರ. ಕೊಂಕಣದ ಕಡೆಯ ಯಹೂದಿ, ಮನೆಮಾತು ಮರಾಠಿ. ಪ್ರತಿ ನಕಾಶೆಯ ಮೂಲೆಯಲ್ಲೂ ಸಾಸಿವೆಯಷ್ಟು ಚಿಕ್ಕ ಒಂದು ಒರಳು ಬರೆದಿದ್ದಾನೆ. ಯಾಕೆಂದು ಗೊತ್ತಿಲ್ಲ.

ನಿನ್ನ ಅಜ್ಜ ನಾಗು ಗೌಡ ಹದಿನೆಂಟರ ಹರೆಯದಲ್ಲಿ ಆ ಬಂಗಲೆಗೆ ಸುಣ್ಣ ಹೊತ್ತವನು. ಅವನು ನಿನಗೆ ಹೇಳಿದ್ದೆಲ್ಲ ಬರೆದು ಕಳಿಸು. ನಮ್ಮ ತರಗತಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮೊದಲ ಏಟಿಗೆ ಪಾಸಾದವನು ನೀನೊಬ್ಬನೇ; ಬರೆಯಲು ಬರುವುದಿಲ್ಲ ಎಂಬ ನೆಪ ನಡೆಯದು.

ನಿನ್ನ (ಈ ಶಬ್ದವನ್ನು ಬೇಕಾದರೆ ಹೊಡೆದುಹಾಕು)
ದೇವಾನಂದ ಬಾಂದೇಕರ

*

ಪುನರ್ವಸತಿ ಕಾಲನಿ, ಬೇಲೇಕೇರಿ
ತಾ. ಅಂಕೋಲಾ
೨೯ ಜುಲೈ ೨೦೦೬

ಮಾನ್ಯ ನಿವೃತ್ತ ಓವರಸಿಯರ ಬಾಂದೇಕರ ಸಾಹೇಬರ ಸನ್ನಿಧಾನಕ್ಕೆ,

ಗೌಂಡಿ ಕುಪ್ಪ ಗೌಡ ಮಾಡುವ ನಮಸ್ಕಾರಗಳು. ತಮ್ಮ ಕಾಗದ ಬಂತು. ಒಲೆಗೆ ಹಾಕಲಿಲ್ಲ. ಈಗ ನಮ್ಮಲ್ಲಿ ಗ್ಯಾಸು.

ನಕಾಶೆಯ ಮೂಲೆಯಲ್ಲಿರುವುದು ಒರಳಲ್ಲ, ಗಾಣ. ಝಿರಾಡಕರ ಸಾಹೇಬರ ಅಪ್ಪ ಗಾಣದ ಎಣ್ಣೆ ತೆಗೆಯುವವರಾಗಿದ್ದರು. ಸಾಹೇಬರು ಮುಂಬಯಿಯಲ್ಲಿ ಕಲಿತು ದೊಡ್ಡವರಾದರು. ಸಹಿ ಮಾಡಲು ಬಿಡುತ್ತಿರಲಿಲ್ಲವಾಗಿ ಅಪ್ಪನ ಗಾಣ ಬರೆಯುತ್ತಿದ್ದರು. ಅಜ್ಜನಿಗೆ ಅವರೇ ತೋರಿಸಿದ್ದಂತೆ. ಇಪ್ಪತ್ತಮೂರು ನಕಾಶೆ ನೋಡಿಯೂ ಗಾಣ ಯಾವುದು ಒರಳು ಯಾವುದು ಎಂದು ತಿಳಿಯದವರು ಇಷ್ಟು ವರ್ಷ ನಮ್ಮ ಕೆಲಸ ಹೇಗೆ ತಪಾಸಣೆ ಮಾಡಿದರೋ, ನನಗೆ ಸೋಜಿಗ.

ಅವರಿಗೆ ಶನಿವಾರ ಸಾಹೇಬರು, ಮನೆಗೆ ಶನಿವಾರ ಬಂಗಲೆ ಎಂಬ ಹೆಸರು ಯಾಕೆ ಬಂತೆಂದು ಅಜ್ಜ ಹೇಳುತ್ತಿದ್ದುದನ್ನು ಅವನ ಬಾಯಲ್ಲೇ ಬರೆಯುತ್ತೇನೆ: "ಶನಿವಾರ ಅವ್ರ ದೇವ್ರ ದಿನ. ಅವತ್ತು ಸಾಹೇಬ್ರು ಕಾಗ್ದಕ್ಕೂ ಕೈ ಹಚ್ತಿರ್ಲಿಲ್ಲ, ಕಡ್ಡಿಪೆಟ್ಗೆಗೂ ಹಚ್ತಿರ್ಲಿಲ್ಲ. ನಮ್ಗೂ ಅವತ್ತು ರಜಾ. ಆದಿತ್ಯವಾರ ಇಂಗ್ರೇಜಿ ದೊರೆದು ರಜಾ. ವಾರಕ್ಕೆ ಎರಡು ರಜಾ ಕೊಟ್ಟ ಯಜಮಾನ್ರು ಈ ಕಡಿಗೆ ಅವ್ರೊಬ್ರೇಯಾ."

ಸಿಗಡಿ, ಏಡಿ, ಬಳಚು ಅವರ ಧರ್ಮಕ್ಕೆ ಆಗದೆಂದು ತಿನ್ನುತ್ತಿರಲಿಲ್ಲ. ಕಾರವಾರದಲ್ಲಿದ್ದು ಬಳಚು ತಿನ್ನದವರು ಏನು ಪಾಪ ಮಾಡಿದ್ದರೋ ಎಂದು ಅಜ್ಜನಿಗೆ ಸಾಯುವವರೆಗೂ ಕನಿಕರ. ಆದರೆ ಅದರ ಚಿಪ್ಪು ಸುಟ್ಟ ಸುಣ್ಣದ ಮೇಲೆ ಅವರಿಗೆ ಬಹಳ ಪ್ರೀತಿ. ಹಸಿ ಗಾರೆಗೆ ಬಿಸಿಲು ತಾಗದಂತೆ ತಮ್ಮ ಕೊಡೆ ಹಿಡಿದು ನಿಲ್ಲುತ್ತಿದ್ದರಂತೆ, ತಲೆ ಸುಟ್ಟುಕೊಂಡು. ಮನೆ ಮುಗಿದ ದಿನ ಎಲಿಯಾಹು ಎಂಬ ಅವರ ದೇವರ ಮನುಷ್ಯನ ಹೆಸರಿನಲ್ಲಿ ಅವಲಕ್ಕಿಗೆ ಬೆಲ್ಲ, ಕಾಯಿತುರಿ ಹಾಕಿ ಎಲ್ಲ ಆಳುಗಳಿಗೂ ಕೊಟ್ಟರು. ನಮ್ಮ ಗೋಡವಲಕ್ಕಿಯ ಹಾಗೆಯೇ ಇತ್ತು ಅಂದ ಅಜ್ಜ.

ಬೇರೇನೂ ನೆನಪಿಲ್ಲ. ಬಂಗಲೆಯ ನಡುಮನೆಯ ಗೋಡೆ ಈಗ ಪೂರ್ಣವಾಗಿದೆ ಎಂದು ನಂಬಿದ್ದೇನೆ.

ತಮ್ಮ ವಿಧೇಯ
ಕುಪ್ಪ ನಾ. ಗೌಡ

*

ಕಾರವಾರ
೯ ಆಗಸ್ಟ್ ೨೦೦೬

ಕುಪ್ಪ,

"ಸನ್ನಿಧಾನ" ಎಂಬುದನ್ನು ಓದಿ ನನ್ನ ಹೆಂಡತಿ ಲಲಿತಾ ಊಟದ ತಾಟು ಕೆಳಗಿಟ್ಟು ನಕ್ಕಳು. "ಬರೋಬರಿ ಮಾಡ್ದಾ ಅಂವ," ಅಂದಳು. ಅವಳು ನಿನ್ನ ಪಕ್ಷ ಎಂಬುದು ನನಗೆ ಲಗ್ನವಾದಾಗಿನಿಂದಲೂ ಗೊತ್ತು.

ನೀನು ಗೋಡೆಯ ಮಾತು ಎತ್ತಿದ್ದರಿಂದ ನಾನೂ ಎತ್ತುತ್ತೇನೆ. ೧೯೮೪ರ ಆ ದಿನ ನೀನು ಬಂಗಲೆಯ ಗೋಡೆಗಳಿಗೆಲ್ಲ ಹೊಸ ಗಾರೆ ಹಚ್ಚಿ ಮುಗಿಸಿದ್ದೆ. ಬಾಗಿಲಿಗೆ ಎದುರಾದ ಗೋಡೆಯಲ್ಲಿ ಮಾತ್ರ ಒಂದು ಚೌಕ ಬಿಟ್ಟಿದ್ದೆ. ಚಿರೇಕಲ್ಲು ಹಲ್ಲು ಕಿರಿಯುತ್ತಿತ್ತು. ದೊಡ್ಡ ಎಂಜಿನಿಯರ್ ಸಾಹೇಬರು ತಪಾಸಣೆಗೆ ಬಂದರು. "ಇದೇನು?" ಎಂದರು. ನೀನು "ಇಲ್ಲಿ ಗಾರೆ ಹಚ್ಚೂಕಿಲ್ಲ ಅಂತ ನಮ್ಮಜ್ಜ ಹೇಳಿದ್ದ," ಎಂದೆ. ಯಾಕೆ ಎಂದರೆ ನಿನಗೂ ಗೊತ್ತಿರಲಿಲ್ಲ. ಜೊತೆಗಿದ್ದವರಲ್ಲಿ ಒಬ್ಬ, ರಾಣಿಯ ಫೋಟೋ ತೂಗುಹಾಕುವ ಜಾಗವಿರಬೇಕೆಂದ. ಇನ್ನೊಬ್ಬ, ಹಲ್ಲಿಗಳಿಗೆ ಬಿಟ್ಟದ್ದೆಂದ. ಆಗ ನಾನು ಒಂದು ಮಾತು ಅಂದೆ. ಎಲ್ಲರಿಗಿಂತ ಜೋರಾದ ನಗು ಬಿದ್ದದ್ದು ಅದಕ್ಕೆ.

"ಇವನಜ್ಜನಿಗೆ ಅವತ್ತು ಸುಣ್ಣ ಸಾಲಲಿಲ್ಲ ಕಾಣ್ತದೆ."

ನಂತರ ಅಳತೆ ಪುಸ್ತಕದ ಷರಾ ಕಾಲಮಿನಲ್ಲಿ "ಕೆಲಸ ಅಪೂರ್ಣ" ಎಂದು ಬರೆದೆ. ಬೇರೆ ಗೌಂಡಿಯನ್ನು ಕರೆಸಿ ಸಿಮೆಂಟು ಮೆತ್ತಿಸಿದೆ. ನೀನು ಕರಣೆ ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದೆ. ತೊಳೆಯುವುದಕ್ಕೆ ನೀನು ಅಷ್ಟು ಹೊತ್ತು ತೆಗೆದುಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಇದನ್ನು ಪುಸ್ತಿಕೆಯಲ್ಲಿ ಹಾಕುವುದಿಲ್ಲ. ನಿನಗೆ ಬರೆದೆ, ಅಷ್ಟೆ.

ಮುಂಬಯಿಯ ಯಹೂದಿ ಸಮಾಜದವರಿಗೆ ಬರೆದಿದ್ದೆ. ಸಾಹೇಬರ ಮೊಮ್ಮಗಳೊಬ್ಬಳು ಇಸ್ರೇಲ್ ದೇಶದಲ್ಲಿ ಇದ್ದಾಳಂತೆ, ಹನ್ನಾಬಾಯಿ ಎಂದು ಹೆಸರು. ವಿಳಾಸ ಕೊಟ್ಟಿದ್ದಾರೆ. ನನ್ನ ಸರಕಾರಿ ಮರಾಠಿಯಲ್ಲಿ ಒಂದು ಪತ್ರ ಹಾಕಿದ್ದೇನೆ.

ದೇವಾನಂದ

*

ಕಾರವಾರ
೧೯ ಸೆಪ್ಟೆಂಬರ್ ೨೦೦೬

ಕುಪ್ಪ,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ಇದನ್ನು ಓದು. ನಿಂತುಕೊಂಡು ಓದಬೇಡ.

ಹನ್ನಾಬಾಯಿಯ ಉತ್ತರ ಬಂದಿದೆ. ಒಳ್ಳೇ ಮರಾಠಿ, ನಮ್ಮ ಮಾಸ್ತರರು ಬರೆಯುತ್ತಿದ್ದಂಥದ್ದು. ನಿನಗಾಗಿ ಕನ್ನಡಕ್ಕೆ ಇಳಿಸಿದ್ದೇನೆ:

"ಅಜ್ಜನ ಮನೆ ಇನ್ನೂ ನಿಂತಿದೆಯೆಂದು ಓದಿ ಎರಡು ದಿನ ನನ್ನ ಅಡುಗೆ ಕೆಟ್ಟಿತು. ನನಗೆ ಎಂಬತ್ತೊಂದು. ಅಜ್ಜ ಹೋದದ್ದು ನಾನು ಹುಟ್ಟುವ ಹನ್ನೊಂದು ವರ್ಷ ಮೊದಲು. ಆಮೇಲೆ ಅಜ್ಜಿ ಮನೆ ಬಿಟ್ಟು ಮುಂಬಯಿಗೆ ಬಂದಳು. ನಾನು ಆ ಮನೆ ನೋಡಿದ್ದು ಒಂದೇ ಸಲ, ಹತ್ತು ವರ್ಷದವಳಿದ್ದಾಗ. ಅಪ್ಪ ಬೋಟಿನಲ್ಲಿ ಕರೆದುಕೊಂಡು ಬಂದಿದ್ದರು. ಆಗ ಅಲ್ಲಿ ಯಾರೋ ಸರಕಾರಿ ಸಾಹೇಬರಿದ್ದರು. ಕಾವಲುಗಾರ ಕರುಣೆಯಿಂದ ನಡುಮನೆಯವರೆಗೆ ಬಿಟ್ಟ. ಬಾಗಿಲಿನ ಎದುರು ಗಾರೆಯಿಲ್ಲದ ಒಂದು ಚೌಕವಿತ್ತು. ಅಪ್ಪ ಅದರ ಮೇಲೆ ಅಂಗೈ ಇಟ್ಟರು. ನನ್ನ ಕೈಯನ್ನೂ ಇಡಿಸಿದರು.

ಜೆರುಸಲೇಮಿನಲ್ಲಿ ನಮ್ಮ ದೇವರ ಮನೆ ಇತ್ತು. ಅದನ್ನು ಕೆಡವಿ ಸಾವಿರದ ಒಂಬೈನೂರು ವರ್ಷ ಮೀರಿತು. ಆ ನೆನಪಿಗಾಗಿ ನಮ್ಮವರು ಹೊಸ ಮನೆ ಕಟ್ಟಿದಾಗ ಬಾಗಿಲಿಗೆ ಎದುರಾಗಿ ಒಂದು ಮೊಳ ಉದ್ದ, ಒಂದು ಮೊಳ ಅಗಲ ಗೋಡೆಯನ್ನು ಹಾಗೆಯೇ ಬಿಡಬೇಕು. ಮನೆ ಎಷ್ಟೇ ಚಂದವಾಗಿರಲಿ, ಕಳೆದುಹೋದ ಮನೆಯೊಂದಿದೆ ಎಂದು ಒಳಗೆ ಬಂದವರ ಕಣ್ಣಿಗೆ ಬೀಳಬೇಕು. ಮುಂಬಯಿಯ ಬಾಡಿಗೆ ಖೋಲಿಗಳಲ್ಲಿ ನಮಗೆ ಅದನ್ನು ಬಿಡಲಾಗಲಿಲ್ಲ. ಊರವರಿಗೆಲ್ಲ ಕಟ್ಟಿಕೊಟ್ಟ ಅಜ್ಜ ತನಗಾಗಿ ಕಟ್ಟಿಕೊಂಡದ್ದು ಅದೊಂದೇ ಮನೆ. ಜನವರಿಯಲ್ಲಿ ಬರುತ್ತೇನೆ. ಮೊಣಕಾಲು ಬೇಡವೆನ್ನುತ್ತಿದೆ, ಅದರ ಮಾತು ಕೇಳುವುದಿಲ್ಲ. ಇನ್ನೊಮ್ಮೆ ಆ ಕಲ್ಲು ಮುಟ್ಟಬೇಕು."

ಕುಪ್ಪ, ನಿನ್ನ ಅಜ್ಜನಿಗೆ ಸುಣ್ಣ ಸಾಲದೆ ಹೋಗಿರಲಿಲ್ಲ.

ಎಂಬತ್ತೊಂದರ ಮುದುಕಿ ವಿಮಾನ ಹತ್ತಿ, ಅದನ್ನಿಳಿದು ಕೊಂಕಣ ರೈಲು ಹತ್ತಿ ಬಂದು, ನನ್ನ ಸಿಮೆಂಟಿನ ಮೇಲೆ ಅಂಗೈ ಇಡಬೇಕೇ? ನಾನೇ ಸುತ್ತಿಗೆ ಹಿಡಿದು ಹೋಗಿದ್ದೆ. ಎಲ್ಲಿಂದ ಶುರು ಮಾಡಲಿ? ಗೋಡೆಯ ಮೇಲೆ ಈಗ ಎಂಟು ಕೋಟು ಬಣ್ಣ, ಎರಡು ಕಪಾಟು, ಮಾಜಿ ಅಧ್ಯಕ್ಷರ ಫೋಟೋಗಳ ಸಾಲು. ಬಾಗಿಲನ್ನೂ ಮೂರು ಅಡಿ ಸರಿಸಿದ್ದಾರೆ. ಆ ಚೌಕ ಎಲ್ಲಿತ್ತೆಂದು ತಿಳಿದವನು, ಕಲ್ಲಿಗೆ ನೋವಾಗದಂತೆ ಸಿಮೆಂಟು ಬಿಡಿಸಬಲ್ಲವನು ಈ ಜಿಲ್ಲೆಯಲ್ಲಿ ಒಬ್ಬನೇ ಇದ್ದಾನೆ. ಅವನ ಹತ್ತಿರ ಕೇಳುವ ಮುಖ ನನಗಿಲ್ಲ. ಆದ್ದರಿಂದ ಕಾಗದದಲ್ಲಿ ಕೇಳುತ್ತಿದ್ದೇನೆ.

ದೇವಾನಂದ

*

ಬೇಲೇಕೇರಿ
೩೦ ಅಕ್ಟೋಬರ್ ೨೦೦೬

ಬಾಂದೇಕರರೇ,

ದೀಪಾವಳಿಗೆ ಮನೆ ತುಂಬ ಜನ. ಬರೆಯಲಾಗಲಿಲ್ಲ. ಇದು ನೆಪವೆಂದು ನಿಮಗೂ ಗೊತ್ತು.

ಆ ಬಾಯಿಯ ಕಾಗದವನ್ನು ಹೊನ್ನಿಗೆ ಓದಿ ಹೇಳಿದೆ. ಅವಳು ಮುರುಗಲು ಸಿಪ್ಪೆ ಆರಿಸುತ್ತಿದ್ದಳು. ಆರಿಸುವುದನ್ನು ಬಿಟ್ಟು, "ಇನ್ನೊಂದ್ ಸಲ ಓದಿ," ಅಂದಳು. ಓದಿದೆ. "ಕಳ್ದೋದ ಮನೆ ಅಂತ್ ಬರದಿದ್ರಲ್ಲ, ಆ ಸಾಲು," ಅಂದಳು. ಅದನ್ನು ಮೂರನೇ ಸಲ ಓದಿದೆ.

ನನ್ನ ಅಜ್ಜ ಸಾಹೇಬರ ಹತ್ತಿರ ಕಲಿತ ಸುಣ್ಣದ ಕೆಲಸದಿಂದಲೇ ಅರ್ಗಾದಲ್ಲಿ ನಮ್ಮ ಮನೆ ಕಟ್ಟಿದ್ದ. ನೀವು ಎಷ್ಟೋ ಸಲ ಅದರ ಜಗಲಿಯಲ್ಲಿ ಉಂಡಿದ್ದೀರಿ. ನೌಕಾನೆಲೆಗೆ ಊರು ಬಿಡಬೇಕೆಂದಾದಾಗ ಮನೆಗಳ ಅಳತೆಗೆ ನಿಮ್ಮ ಇಲಾಖೆಯವರು ಬಂದರು. ನಮ್ಮ ಕೇರಿಗೆ ಬರುವವರ ಯಾದಿಯಲ್ಲಿ ನಿಮ್ಮ ಹೆಸರಿತ್ತು. ನಾನು ಅಂಗಳ ಗುಡಿಸಿ ಕಾದೆ. ಇಪ್ಪತ್ತೆರಡು ವರ್ಷ ಅನ್ನುತ್ತೀರಿ. ಆವಾಗ ನಾವು ಮಾತು ಬಿಟ್ಟು ಹದಿಮೂರು ಆಗಿತ್ತು. ಆದರೂ, ಅಳೆಯುವುದಿದ್ದರೆ ಈ ಮನೆಯನ್ನು ಬಲ್ಲವನು ಅಳೆಯಲಿ ಅಂದುಕೊಂಡೆ. ಬಂದವನು ಬೇರೆಯವನು. ಗೋಡೆಗೆ ಟೇಪು ಹಿಡಿದ, ಸಂಖ್ಯೆ ಕೂಗಿದ, ಹೋದ. ಕಾಲು ಗಂಟೆ.

ಸುಣ್ಣದ ಮಾತನ್ನು ನಾನು ಯಾವಾಗಲೋ ಬಿಟ್ಟಿದ್ದೆ. ಬಿಡದೆ ಇಟ್ಟುಕೊಂಡದ್ದು ಇದನ್ನು.

ಗೋಡೆಯ ಕೆಲಸ ಮಾಡಿಕೊಡುತ್ತೇನೆ. ನಿಮಗಾಗಿ ಅಲ್ಲ. ಹೊನ್ನಿ ಹೇಳಿದಳು: "ಹೋಗಿ ತೆಗ್ದ್ ಕೊಟ್ ಬನ್ನಿ. ಆ ಮುದ್ಕಿ ನಮ್ಗೆ ಎಂತ ಮಾಡೀದು?" ಕಪಾಟು, ಫೋಟೋ ಎಲ್ಲ ತೆಗೆಸಿಡಿ. ಸಮಿತಿಯವರು ಹಾರ, ಶಾಲು ಎಂದು ಬಂದರೆ ಮುಂದಿನ ಬಸ್ಸಿಗೇ ತಿರುಗುತ್ತೇನೆ. ನಾನು ಕೆಲಸ ಮಾಡುವಾಗ ಬಂಗಲೆಯಲ್ಲಿ ನೀವು ಇರಕೂಡದು. ಶನಿವಾರ ಬರುವುದಿಲ್ಲ, ಅದು ಸಾಹೇಬರ ರಜಾ.

ಕುಪ್ಪ ಗೌಡ

*

ಕಾರವಾರ
೪ ನವೆಂಬರ್ ೨೦೦೬

ಕುಪ್ಪ,

ಯಾದಿಯಲ್ಲಿ ನನ್ನ ಹೆಸರಿತ್ತು. ನಾನು ವೈದ್ಯಕೀಯ ರಜೆ ಹಾಕಿದೆ. ಕಾಯಿಲೆಯ ಹೆಸರು ಸೊಂಟನೋವು ಎಂದು ಬರೆದಿದ್ದೆ. ಸೊಂಟ ಗಟ್ಟಿಯಾಗಿಯೇ ಇತ್ತು. ನಿನ್ನ ಜಗಲಿಗೆ ಟೇಪು ಹಿಡಿದು ನಿನ್ನೆದುರು ಸಂಖ್ಯೆ ಕೂಗುವುದು ನನ್ನಿಂದ ಆಗುತ್ತಿರಲಿಲ್ಲ. ನೀನು ಅಂಗಳ ಗುಡಿಸಿ ಕಾಯುತ್ತೀ ಎಂದು ನನಗೆ ಹೊಳೆಯಲೇ ಇಲ್ಲ. ನನ್ನನ್ನು ಕಂಡರೆ ಬಾಗಿಲು ಹಾಕುತ್ತೀ ಅಂದುಕೊಂಡಿದ್ದೆ.

ತಮಾಷೆ ಮಾಡಿಯೇ ಒಂದು ಸಲ ಕೆಟ್ಟವನು, ಈ ಪತ್ರದಲ್ಲಿ ಮಾಡುವುದಿಲ್ಲ.

ಕೀಲಿಕೈ ಎದುರಿನ ಚಹಾದಂಗಡಿಯಲ್ಲಿ ಇಟ್ಟಿರುತ್ತೇನೆ. ಕಪಾಟು ತೆಗೆಸಿದೆ. ಮಾಜಿ ಅಧ್ಯಕ್ಷರೆಲ್ಲ ಈಗ ನಮ್ಮ ಮನೆಯ ಮಂಚದ ಕೆಳಗೆ.

ದೇವಾನಂದ

*

ಬೇಲೇಕೇರಿ
೨೭ ನವೆಂಬರ್ ೨೦೦೬

ದೇವಾನಂದಾ,

ಕೆಲಸ ಆಯಿತು. ಬಂಗಲೆಯಲ್ಲಿ ಇರಕೂಡದು ಎಂದರೆ ರಸ್ತೆಯಾಚೆಯ ಚಹಾದಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಬಹುದು ಎಂದು ಅರ್ಥ ಮಾಡಿಕೊಂಡಿದ್ದೀಯ. ಸರಕಾರಿ ಮನುಷ್ಯ. ಮಳೆಯಿಲ್ಲದ ದಿನ ಕೊಡೆ ಬಿಡಿಸಿ ಅದರ ಹಿಂದೆ ಕೂತವನನ್ನು ಯಾರೂ ಗುರುತಿಸುವುದಿಲ್ಲವೆಂದು ತಿಳಿದೆಯಾ? ಅಂಗಡಿಯವನೇ ನನಗೆ ಹೇಳಿದ: "ನಿಮ್ ಸಾಹೇಬ್ರು ಏಳ್ನೇ ಚಾ ಕುಡೀತಾ ಇದ್ರು, ಹೊಟ್ಟೆ ಕೆಟ್ಟೋದ್ರೆ ನನ್ನ ಬೈಬೇಡಿ."

ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದೆ. ಚಿಪ್ಪಿ ಸುಣ್ಣ ಬಡಿದರೆ ಒಂದು ಮಾತಾಡುತ್ತದೆ. ಸಿಮೆಂಟು ಮಾತಾಡುವುದಿಲ್ಲ. ಎದೆಯ ಮಟ್ಟದಲ್ಲಿ ಮೂಕವಾದ ಜಾಗ ಸಿಕ್ಕಿತು. ಚಿಕ್ಕ ಉಳಿಯಿಂದ ಹುಡಿಹುಡಿಯಾಗಿ ತೆಗೆದೆ. ಅಂಚಿನಲ್ಲಿ ಹಳೇ ಗಾರೆ ಎರಡು ಕಡೆ ಉದುರಿತು. ಮನೆಯಲ್ಲೇ ನೀರಿನಲ್ಲಿ ಕೊಳೆಹಾಕಿ ತಂದ ಚಿಪ್ಪಿ ಸುಣ್ಣದಿಂದ ಅದನ್ನು ಸರಿ ಮಾಡಿದೆ. ಕೊನೆಗೆ ನನ್ನ ಮೊಳ ಇಟ್ಟು ನೋಡಿದೆ. ಎರಡು ಬೆರಳು ಹೊರಗೆ ಉಳಿಯಿತು. ಅಜ್ಜ ಹೇಳಿದ್ದು ಸರಿ: "ಸಾಹೇಬ್ರು ಟೇಪು ಹಿಡೀಲಿಲ್ಲ, ತಮ್ಮ ಕೈಯೇ ಇಟ್ಟು ಗೆರೆ ಹಾಕಿದ್ರು. ಗಿಡ್ಡ ಮನ್ಶಾ."

ಒಂದು ಮಾತು ಹೇಳಬೇಕು. ನೀನು ತಂದ ಗೌಂಡಿ ಸಿಮೆಂಟು ಹಿಡಿಯಲೆಂದು ಕಲ್ಲಿಗೆ ಕಚ್ಚು ಹೊಡೆದಿದ್ದಾನೆ. ಮೂವತ್ತೊಂದು ಕಚ್ಚು. ನಾನು ಅವನ್ನು ತುಂಬಲಿಲ್ಲ. ತುಂಬಿದರೆ ಅದೂ ಗಾರೆಯೇ ಆಗುತ್ತದೆ. ಮುದುಕಿ ಕೇಳಿದರೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಮುದುಕಿ ಬರುವ ದಿನ ನಾನು ಬರುವುದಿಲ್ಲ. ನಾನು ಮಾಡಿದ ಕೆಲಸದ ಪಕ್ಕದಲ್ಲಿ ನಿಂತು ಮುಖ ತೋರಿಸುವ ರೂಢಿ ನಮ್ಮಲ್ಲಿಲ್ಲ.

ಕುಪ್ಪ

*

ಕಾರವಾರ
೧೬ ಜನವರಿ ೨೦೦೭

ಕುಪ್ಪ,

ಹನ್ನಾಬಾಯಿ ಭಾನುವಾರ ಬಂದು ಹೋದರು. ಗುಬ್ಬಿಯಷ್ಟು ಚಿಕ್ಕ ಹೆಂಗಸು, ಒಂಬತ್ತು ಗಜದ ನೌವಾರಿ ಸೀರೆಯ ಮೇಲೆ ಉಣ್ಣೆಯ ಕೋಟು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಡಬ್ಬಿ. ಡಬ್ಬಿಯಲ್ಲಿ ಬೆಲ್ಲದವಲಕ್ಕಿ. ನಿನ್ನ ಅಜ್ಜ ತಿಂದದ್ದೇ. ಮುಂಬಯಿಯಲ್ಲಿ ತಂಗಿಯ ಮನೆಯಲ್ಲಿ ಮಾಡಿಸಿಕೊಂಡು ಬಂದಿದ್ದರು. ನಮ್ಮ ಅಧ್ಯಕ್ಷರು ಸ್ವಾಗತ ಭಾಷಣದಲ್ಲಿ ಸಾಹೇಬರನ್ನು ಮೂರು ಸಲ ಇಂಗ್ಲಿಷರನ್ನಾಗಿ ಮಾಡಿದರು. ಬಾಯಿ ಮೂರು ಸಲವೂ ಕೋಲು ಎತ್ತಿ, "ಝಿರಾಡಕರ, ತೇಲಿ!" ಎಂದು ತಿದ್ದಿದರು. ಎಣ್ಣೆ ತೆಗೆಯುವವರು ಎಂದು ಅಷ್ಟು ಠೀವಿಯಿಂದ ಹೇಳಿದವರನ್ನು ನಾನು ನೋಡಿರಲಿಲ್ಲ.

ಗೋಡೆಯ ಮುಂದೆ ನಿಂತರು. ಅಂಗೈ ಇಟ್ಟರು. ಎಷ್ಟು ಹೊತ್ತು ಎಂದು ಬರೆಯಲಾರೆ. ಮೂವತ್ತಾರು ವರ್ಷ ಅಳತೆ ಬರೆದವನಿಗೆ ಅವತ್ತು ಗಡಿಯಾರ ನೋಡಲು ತೋಚಲಿಲ್ಲ. ಆಮೇಲೆ ಬೆರಳುಗಳು ನೀನು ಎಣಿಸಿದ ಮೂವತ್ತೊಂದು ಕಚ್ಚಿಗೆ ಸಿಕ್ಕಿದವು. "ಇವು ಆಗ ಇರಲಿಲ್ಲ," ಎಂದರು. ಹತ್ತು ವರ್ಷದವಳಾಗಿ ಒಮ್ಮೆ ಮುಟ್ಟಿದ್ದು, ಕುಪ್ಪ! ಸಮಿತಿಯವರು ನನ್ನ ಮುಖ ನೋಡಿದರು. ಹಳೆ ಕಲ್ಲು, ಉಪ್ಪು ಗಾಳಿ ಎಂದರೆ ಮುಗಿಯುತ್ತಿತ್ತು.

"ನಾನು ಮಾಡಿಸಿದ್ದು ಬಾಯಿ," ಎಂದೆ. "ಇಲ್ಲಿ ಗಾರೆ ಹಚ್ಚಬಾರದು ಎಂದ ಗೌಂಡಿಯನ್ನು ನೋಡಿ ನಕ್ಕು, ಸಿಮೆಂಟು ಹಚ್ಚಿಸಿದೆ. ಅವನು ನನ್ನ ಸ್ನೇಹಿತ. ಅವನೇ ಬಂದು ಬಿಡಿಸಿಕೊಟ್ಟ."

ಬೈಯುತ್ತಾರೆಂದು ಕಾದೆ. ಅವರು ನನ್ನ ಕೈ ಹಿಡಿದು ಕಲ್ಲಿನ ಮೇಲೆ ಇಟ್ಟರು. "ಹಾಗಾದರೆ ನೀವೂ ಮುಟ್ಟಿ," ಎಂದರು. ಆಮೇಲೆ ಕೇಳಿದರು: "ಆ ಗೌಂಡಿಗೆ ಸ್ವಂತ ಮನೆ ಇದೆಯೇ? ಹೇಗಿದೆ?"

ಬೆಲ್ಲದವಲಕ್ಕಿ ಬಾಯಲ್ಲಿತ್ತು. ಅದನ್ನೇ ನೆಪ ಮಾಡಿಕೊಂಡು ಸ್ವಲ್ಪ ಹೊತ್ತು ಅಗಿದೆ. ಇದ್ದ ಮನೆ ಹೋಯಿತು, ಈಗಿನದು ಹೇಗಿದೆಯೋ ನಾನು ನೋಡಿಲ್ಲ, ಎಂದೆ. ಅವರು ಡಬ್ಬಿಯಲ್ಲಿ ಉಳಿದದ್ದನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು. "ಇದು ಅವನ ಪಾಲು. ಟಪಾಲಿನಲ್ಲಿ ಕಳಿಸಬೇಡಿ," ಎಂದರು.

ಅವಲಕ್ಕಿ ಇಷ್ಟರಲ್ಲೇ ಹಳಸುತ್ತದೆ ಎಂದು ಲಲಿತಾ ಹೇಳುತ್ತಿದ್ದಾಳೆ. ಪುಸ್ತಿಕೆ ಅಚ್ಚಿಗೆ ಹೋಯಿತು. ಒಳಪುಟದಲ್ಲಿ, ಕಟ್ಟಿದವರು ರೂಬೆನ ಎಲಿಜಾ ಝಿರಾಡಕರ, ಸುಣ್ಣ ಹೊತ್ತವನು ಅರ್ಗಾದ ನಾಗು ಗೌಡ ಎಂದು ಹಾಕಿಸಿದ್ದೇನೆ. ಮೂಲೆಯಲ್ಲಿ ಗಾಣ. ಒರಳಲ್ಲ.

ನಿನ್ನ
ದೇವಾನಂದ

*

ಬೇಲೇಕೇರಿ
೧೧ ಫೆಬ್ರವರಿ ೨೦೦೭

ದೇವಾ,

ಅವಲಕ್ಕಿ ಹಳಸಿತೋ? ಹಳಸದೆ ಏನು. ನೀನು ಅನುಮತಿ ಸಿಗುವವರೆಗೆ ಹೆಜ್ಜೆ ಇಡದವನು.

ನಮ್ಮ ಮನೆ ಹೇಗಿದೆಯೆಂದು ಮುದುಕಿ ಕೇಳಿದ್ದು ನನ್ನ ತಲೆಯಲ್ಲಿ ಕೂತಿತು. ಒಳ್ಳೆಯ ಮನೆಯೇ. ಕಾಲನಿಯ ಎಲ್ಲ ಮನೆಗಳ ಹಾಗೆ. ಗೋಡೆಗಳೆಲ್ಲ ನುಣ್ಣಗೆ, ಮೊಟ್ಟೆಯ ಹಾಗೆ. ಇಷ್ಟು ವರ್ಷ ಅದರಲ್ಲಿದ್ದು ನನಗೆ ಏನೋ ಒಗ್ಗುತ್ತಿರಲಿಲ್ಲ. ಗೌಂಡಿಗೆ ಬೇರೆಯವರ ಗಾರೆ ಒಗ್ಗುವುದಿಲ್ಲ, ಅದಕ್ಕೇ ಇರಬೇಕೆಂದು ಹೊನ್ನಿ ಆಡಿಕೊಳ್ಳುತ್ತಿದ್ದಳು.

ಮೊನ್ನೆ ಉಳಿ ತೆಗೆದುಕೊಂಡು ಬಾಗಿಲಿನ ಎದುರಿನ ಗೋಡೆಗೆ ಒಂದು ಮೊಳ ಗೆರೆ ಹಾಕಿದೆ. ನನ್ನ ಮೊಳ. ಮೊದಲ ಏಟಿಗೇ ಹೊನ್ನಿ ಒಳಗಿನಿಂದ ಬಂದಳು. "ಎಂತ ಮಾರಾಯ್ರೆ, ಚಂದದ ಗೋಡೆಗೆ ಎಂತಕೆ ಹೊಡೀತ್ರಿ?" ಅಂದಳು. ನಾನು ಅರ್ಗಾ ಅಂದೆ. ಅಷ್ಟೇ ಅಂದದ್ದು. ಅವಳು ಒಳಗೆ ಹೋಗಿ ಹುಡಿ ಬೀಳುತ್ತದೆಂದು ಹಳೇ ಸೀರೆ ತಂದು ಕೆಳಗೆ ಹಾಸಿದಳು. ನಾನು ಕೆತ್ತುವವರೆಗೂ ಅದರ ಅಂಚು ಹಿಡಿದು ಕೂತಿದ್ದಳು.

ಈಗ ಒಳಗೆ ಬಂದವರೆಲ್ಲ ಕೇಳುತ್ತಾರೆ. ನಿನ್ನೆ ಪಕ್ಕದ ಮನೆಯ ನಾಗಿ ಬಂದು, "ಕುಪ್ಪಣ್ಣಾ, ಗಾರೆ ಬಿತ್ತಾ?" ಅಂದಳು. ಅವಳೂ ಅರ್ಗಾದವಳೇ. ಯಾಕೆಂದು ಹೇಳಿದೆ. ಚೌಕಕ್ಕೆ ಕೈ ಹಿಡಿದು ನೋಡಿದಳು. ಹೋಗುವಾಗ, "ನಮ್ ಮನೇಲೂ ಒಂದ್ ಮಾಡ್ಕೊಡು. ನನ್ ಕೈ ಅಳತಿಗೆ," ಅಂದು ಹೋದಳು.

ನಿನ್ನ ಅಳತೆ ಪುಸ್ತಕ ಇನ್ನೂ ಇಟ್ಟಿದ್ದೀಯೆಂದು ಗೊತ್ತು. ನೀನು ಯಾವ ಕಾಗದವನ್ನೂ ಬಿಸಾಡಿದವನಲ್ಲ. ಅದನ್ನು ತಗೊಂಡು ಬಾ. ಅವತ್ತು ಅರ್ಗಾದಲ್ಲಿ ನನ್ನ ಮನೆ ಅಳೆಯಲಿಲ್ಲ. ಇಲ್ಲಿ ಬಂದು ಇಷ್ಟನ್ನು ಅಳೆ. ಷರಾ ಏನು ಬರೆಯಬೇಕೆಂದು ನಾನು ಹೇಳಬೇಕಾಗಿಲ್ಲ. ಅವತ್ತು ಬಂಗಲೆಯಲ್ಲಿ ಬರೆದದ್ದನ್ನೇ ಬರೆ. ಈ ಸಲ ಅದು ಸರಿ.

ಹೊನ್ನಿ ಬಳಚು ತಂದಿಡುತ್ತಾಳೆ. ನೀನು ಯಹೂದಿಯಾಗಿಲ್ಲ ತಾನೇ?

ಕುಪ್ಪ

*

(ಅಂಚೆ ಕಾರ್ಡು)

ಕಾರವಾರ
೧೪ ಫೆಬ್ರವರಿ ೨೦೦೭

ಕುಪ್ಪ,

ತಪಾಸಣೆ ಭಾನುವಾರ. ಬೆಳಗಿನ ಮೊದಲ ಬಸ್ಸು. ಲಲಿತಾ ಹೊಸದಾಗಿ ಅವಲಕ್ಕಿ ಮಾಡಿ ಹನ್ನಾಬಾಯಿಯ ಡಬ್ಬಿಯಲ್ಲೇ ತುಂಬಿದ್ದಾಳೆ, ಅವಳೂ ಬರುತ್ತಾಳೆ. ಅಂಗಳ ಗುಡಿಸಿಡು.

ಸೊಂಟ ನಿಜವಾಗಿಯೂ ನೋಯುತ್ತಿದೆ. ಆದರೂ ಬರುತ್ತೇನೆ.

ಪುಸ್ತಕದಲ್ಲಿ ಮೊದಲೇ ಬರೆದಿಟ್ಟಿದ್ದೇನೆ, ಅಳತೆಯ ಜಾಗ ಮಾತ್ರ ಖಾಲಿ:

ಸ್ಥಳ: ಕುಪ್ಪ ಗೌಡನ ಮನೆ, ಬಾಗಿಲಿಗೆ ಎದುರು. ಗೌಂಡಿ: ಸದರಿ ಮಾಲೀಕ. ಷರಾ: ಕೆಲಸ ಅಪೂರ್ಣ. ಯಾರೂ ಮುಗಿಸತಕ್ಕದ್ದಲ್ಲ.

ದೇವಾ